ಗುರುಗಳಿಲ್ಲದ ಊರುಗಳ ಗುರು: ಸಂತ ಜೋಸೆಫ್ ವಾಜ್

ಮುಡಿಪು ಗುಡ್ಡ ಹತ್ತುವಾಗ ನಿಮಗೆ ಏದುಸಿರು ಬಂದಿರಬಹುದು. ಇಲ್ಲಿ ನಾವು ನೆನೆಯುವ ಸಂತರು ನೂರಾರು ಮೈಲಿ ಬರಿಗಾಲಲ್ಲೇ ನಡೆದವರು. ಯಾಕೆ ನಡೆದರು ಅಂತ ತಿಳಿಯಬೇಕಾದರೆ ಆ ಕಾಲದ ಕ್ರೈಸ್ತರ ಪಾಡು ಏನಿತ್ತು ಅಂತ ಮೊದಲು ತಿಳಿಯಬೇಕು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯವರಿಗೆ ಮುದಗಲ್ ಗೊತ್ತು. ಆದಿಲ್‌ಶಾಹಿಗಳ ಕಾಲದಿಂದಲೂ ಅಲ್ಲಿ ಕ್ರೈಸ್ತರಿದ್ದಾರೆ. ಗೋವೆಯಿಂದ ಅಷ್ಟು ದೂರದ ಒಳನಾಡಿಗೆ ಕಾಲ್ನಡಿಗೆಯಲ್ಲಿ ಒಬ್ಬ ಗುರು ಬಂದು ಬಲಿಪೂಜೆ ಅರ್ಪಿಸಬೇಕೆಂದರೆ ಎಷ್ಟು ಕಾಯಬೇಕಿತ್ತು ಅನ್ನುವುದನ್ನು ಆ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1650ರ ದಶಕದ ನಂತರ ಕರಾವಳಿಗೂ ಅದೇ ಗತಿ ಬಂತು. ಕೆಳದಿಯ ನಾಯಕರು ಹೊನ್ನಾವರ, ಬಸರೂರು, ಮಂಗಳೂರಿನ ಪೋರ್ಚುಗೀಸ್ ಕೋಟೆಗಳನ್ನು ಗೆದ್ದರು. ಕೋಟೆಗಳ ಜೊತೆಗೆ ಗುರುಗಳೂ ಹೋದರು. ವಿಶ್ವಾಸಿಗಳು ಮಾತ್ರ ಉಳಿದರು. ಮಕ್ಕಳಿಗೆ ದೀಕ್ಷಾಸ್ನಾನ ಕೊಡುವವರಿಲ್ಲ, ಸಾಯುವವರ ಬಳಿ ಕೂತು ಪಾಪನಿವೇದನೆ ಕೇಳುವವರಿಲ್ಲ.

ಇಂಥ ನಾಡಿಗೆ 1681ರಲ್ಲಿ ಬಂದವರೇ ಜೋಸೆಫ್ ವಾಜ್. 1651ರ ಏಪ್ರಿಲ್ 21ರಂದು ಗೋವೆಯ ಬೆನಾವ್ಲಿಯಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದವರು. ನಮ್ಮ ಕೊಂಕಣಿ ಮನೆಯ ಮಗ. 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ತಾನು ಮರಿಯಮ್ಮನವರ ದಾಸ ಎಂದು ಪತ್ರ ಬರೆದು, ಜೀವಮಾನವಿಡೀ ಹಾಗೆಯೇ ಬಾಳಿದರು.

ಕೆನರಾದಲ್ಲಿ ಅವರಿಗೆ ಎದುರಾದ ದೊಡ್ಡ ತೊಂದರೆ ಹೊರಗಿನವರದಲ್ಲ, ಒಳಗಿನದು. ರೋಮ್ ನೇಮಿಸಿದ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ ಅವರನ್ನು ಗೋವೆಯ ಧರ್ಮಾಧಿಕಾರಿಗಳು ಒಪ್ಪಿರಲಿಲ್ಲ. ಗುರುಗಳಿಲ್ಲದ ಜನರಿಗೆ ಈಗ ಎರಡು ಪಕ್ಷಗಳು! ಗೋವೆಯವರು ಕಳಿಸಿದ ವಾಜ್ ಜಗಳಕ್ಕೆ ಇಳಿಯಲಿಲ್ಲ. ಆ ಬಿಷಪರನ್ನೇ ಹೋಗಿ ಕಂಡು ಸೇವೆಗೆ ಅಪ್ಪಣೆ ಕೇಳಿ ಪಡೆದರು. ಆಮೇಲೆ ಮಂಗಳೂರಿನಿಂದ ಬಸರೂರು, ಗಂಗೊಳ್ಳಿ ತನಕ ಊರೂರು ಸುತ್ತಿ, ಹಾಳುಬಿದ್ದ ದೇವಾಲಯಗಳನ್ನು ಎತ್ತಿ ನಿಲ್ಲಿಸಿದರು. ಮುಡಿಪು ಗುಡ್ಡದ ಕಥೆ ಈ ದಿನಗಳದ್ದೇ. ಕಾಯಿಲೆಯವರಿದ್ದಾರೆ ಬನ್ನಿ ಎಂದು ರಾತ್ರಿ ಕರೆದು, ಕೊಲ್ಲಲು ಹೊಂಚುಹಾಕಿದವರಿದ್ದರಂತೆ. ಗುರುಗಳು ಕೋಲು ಊರಿದಲ್ಲಿ ಮೂರು ಒರತೆ ಚಿಮ್ಮಿತು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ.

1684ರಲ್ಲಿ ಅವರು ಗೋವೆಗೆ ಮರಳಿದರು. ಆದರೆ ಮನಸ್ಸು ಸಿಂಹಳದ ಕಡೆಗೇ ಎಳೆಯುತ್ತಿತ್ತು. ಡಚ್ಚರು ಅಲ್ಲಿ ಕಥೋಲಿಕ ಗುರುಗಳನ್ನೆಲ್ಲ ಹೊರಹಾಕಿದ್ದರು, ಆ ದ್ವೀಪದಲ್ಲಿ ಒಬ್ಬ ಗುರುವೂ ಇರಲಿಲ್ಲ. 1686ರಲ್ಲಿ ಹೊರಟ ವಾಜ್, ತೂತುಕುಡಿಯಿಂದ ಕೂಲಿಯವನ ವೇಷದಲ್ಲಿ ಹಡಗು ಹತ್ತಿ 1687ರಲ್ಲಿ ಜಾಫ್ನಾ ಸೇರಿದರು. ಜೊತೆಗೆ ಇದ್ದವನು ಜಾನ್ ಎಂಬ ಹುಡುಗ. ಸೇರಿದ ಕೂಡಲೇ ಇಬ್ಬರಿಗೂ ರಕ್ತಭೇದಿ. ಗುರುತು ಪರಿಚಯವಿಲ್ಲದ ಊರಲ್ಲಿ, ಸಾಯಲೆಂದು ಬಿಟ್ಟ ಭಿಕ್ಷುಕರಂತೆ ಬಿದ್ದಿದ್ದರು. ಒಬ್ಬ ಹೆಂಗಸು ತಂದುಕೊಟ್ಟ ಗಂಜಿಯಿಂದ ಜೀವ ಉಳಿಯಿತು. ಚೇತರಿಸಿಕೊಂಡ ಮೇಲೆ ಅವರು ಮಾಡಿದ ಉಪಾಯ ನೋಡಿ: ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರ ಕಂಡು ಯಾರ ಮುಖ ಅರಳುತ್ತದೋ ಅವರೇ ಬಚ್ಚಿಟ್ಟ ವಿಶ್ವಾಸಿಗಳು! ಹಗಲು ಭಿಕ್ಷೆ, ರಾತ್ರಿ ಬಾಗಿಲು ಮುಚ್ಚಿ ಬಲಿಪೂಜೆ. ಗಂಡಾಂತರ ಅವರೊಬ್ಬರದೇ ಅಲ್ಲ, ಬಾಗಿಲು ತೆರೆದ ಮನೆಯವರದೂ ಹೌದು.

1692ರಲ್ಲಿ ಕ್ಯಾಂಡಿ ರಾಜ್ಯಕ್ಕೆ ಹೋದಾಗ ಪೋರ್ಚುಗೀಸರ ಗೂಢಚಾರ ಎಂಬ ಚಾಡಿಮಾತು ಅವರಿಗಿಂತ ಮೊದಲೇ ಅರಮನೆ ತಲುಪಿತ್ತು. ಸೆರೆಗೆ ಹಾಕಿದರು. ಯಾರೂ ನೋಡಲು ಬರುವಂತಿರಲಿಲ್ಲ. ವಾಜ್ ಆ ಹೊತ್ತನ್ನು ಸಿಂಹಳ ಭಾಷೆ ಕಲಿಯಲು ಬಳಸಿದರು. ಕಾವಲು ಸಡಿಲವಾದಾಗ ಅಲ್ಲೇ ಒಂದು ಗುಡಿಸಲು ಕಟ್ಟಿ ಪೂಜೆ ಶುರುಮಾಡಿದರು. ಬಿಡುಗಡೆಗಾಗಿ ಕಾಯುತ್ತ ಕೂರಲಿಲ್ಲ, ಸೆರೆಮನೆಯೇ ಅವರ ಧರ್ಮಕೇಂದ್ರವಾಯಿತು.

ನಿಜವಾದ ಪರೀಕ್ಷೆ ಬಂದದ್ದು 1697ರಲ್ಲಿ. ಕ್ಯಾಂಡಿಯಲ್ಲಿ ಸಿಡುಬು ಎದ್ದಿತು. ರಾಜ ವಿಮಲಧರ್ಮಸೂರ್ಯ ಊರು ಬಿಟ್ಟ, ಸಿರಿವಂತರು ಬಿಟ್ಟರು. ಹೆತ್ತವರೇ ಮಕ್ಕಳನ್ನು ಬೀದಿಗೆ ಹಾಕಿದ ದಿನಗಳವು. ವಾಜ್ ಮಾತ್ರ ಉಳಿದರು. ಆ ವರ್ಷವೇ ಗೋವೆಯಿಂದ ಬಂದಿದ್ದ ಅವರ ಸೋದರಳಿಯ, ಗುರು ಜೋಸೆಫ್ ಕರ್ವಾಲೊ, ಜೊತೆಯಾದರು. ಖಾಲಿ ಮನೆಗಳನ್ನು ಆಸ್ಪತ್ರೆ ಮಾಡಿ, ರೋಗಿಗಳಿಗೆ ತಮ್ಮ ಕೈಯಾರೆ ಗಂಜಿ ಕುಡಿಸಿ, ಹುಣ್ಣು ತೊಳೆದು, ಸತ್ತವರನ್ನು ಹೊತ್ತು ಮಣ್ಣುಮಾಡಿದರು. ಕ್ರೈಸ್ತರು, ಬೌದ್ಧರು ಅಂತ ನೋಡಲಿಲ್ಲ. ಒಂದು ಕಾಲಕ್ಕೆ ಜಾಫ್ನಾದ ಆ ಹೆಂಗಸು ತಂದ ಗಂಜಿಯ ನೆನಪು ಇಲ್ಲಿ ಯಾರಿಗೆ ತಾನೇ ಬಾರದು! ಅರಸರ ಮನಸ್ಸು ಕರಗಿದ್ದು ಈ ಸೇವೆಯಿಂದ, ವಾದಗಳಿಂದ ಅಲ್ಲ.

ಬಿಷಪ್ ಪದವಿ ಹುಡುಕಿಕೊಂಡು ಬಂದಾಗ ವಾಜ್ ಬೇಡವೆಂದರು. ಮೈ ಸೋತರೂ ತಿರುಗಾಟ ಬಿಡಲಿಲ್ಲ. 1711ರ ಜನವರಿ 16ರಂದು, 59ನೇ ವಯಸ್ಸಿನಲ್ಲಿ, ಕ್ಯಾಂಡಿಯಲ್ಲೇ ಕಣ್ಣುಮುಚ್ಚಿದರು. 24 ವರ್ಷ ಆ ದ್ವೀಪದಲ್ಲಿ ದುಡಿದು ಒಮ್ಮೆಯೂ ಊರಿಗೆ ಮರಳಲಿಲ್ಲ.

1995ರಲ್ಲಿ ಪೋಪ್ ಎರಡನೇ ಜಾನ್ ಪೌಲರು ಕೊಲಂಬೊದಲ್ಲಿ ಅವರನ್ನು ಧನ್ಯರೆಂದು ಸಾರಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಅದೇ ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಸಂತರೆಂದು ಘೋಷಿಸಿದರು. ಅವರ ಹಬ್ಬ ಜನವರಿ 16. ಕ್ಯಾಂಡಿಯಲ್ಲಿ ಅವರನ್ನು ಮಣ್ಣುಮಾಡಿದ ಜಾಗದ ಗುರುತು ಮಾತ್ರ ಇಂದು ಉಳಿದಿಲ್ಲ.