ಪರರ ಧರ್ಮಕ್ಕೂ ಕಾವಲಾದ ನ್ಯಾಯವಾದಿ ಫ್ರಾಂಕ್ ಮರ್ಫಿ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಸಂತರ ಚರಿತ್ರೆಯನ್ನು ಸ್ಮರಿಸುವುದು ವಾಡಿಕೆ. ಸಂತಪದವಿಗೇರದಿದ್ದರೂ ತಮ್ಮ ವೃತ್ತಿಯನ್ನೇ ಸೇವೆಯನ್ನಾಗಿಸಿಕೊಂಡ ಸಾಮಾನ್ಯ ವಿಶ್ವಾಸಿಗಳೂ ನಮ್ಮ ಸ್ಮರಣೆಗೆ ಅರ್ಹರು. ಅಂಥವರಲ್ಲಿ ಒಬ್ಬರಾದ ಅಮೆರಿಕದ ನ್ಯಾಯವಾದಿ ಫ್ರಾಂಕ್ ಮರ್ಫಿಯವರ ಬಾಳನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಬಯಸುತ್ತೇವೆ.

ಮಿಷಿಗನ್ ರಾಜ್ಯದಲ್ಲಿ ಹ್ಯೂರನ್ ಸರೋವರದ ದಡದಲ್ಲಿರುವ ಹಾರ್ಬರ್ ಬೀಚ್ ಎಂಬ ಪುಟ್ಟ ಊರಿನಲ್ಲಿ, 1890ರ ಏಪ್ರಿಲ್ 13ರಂದು, ಐರಿಷ್ ಮೂಲದ ಕಥೋಲಿಕ ಕುಟುಂಬದಲ್ಲಿ ಅವರು ಜನಿಸಿದರು. ಅದರ ಮರುವರ್ಷವೇ ಪೋಪ್ ಹದಿಮೂರನೆಯ ಲಿಯೋರವರು ಕಾರ್ಮಿಕರ ಹಕ್ಕುಬಾಧ್ಯತೆಗಳನ್ನು ಕುರಿತ ವಿಶ್ವಪತ್ರವನ್ನು ಹೊರಡಿಸಿದರು. ತಂದೆಯಂತೆಯೇ ಮರ್ಫಿಯವರೂ ವಕೀಲರಾದರು; 1914ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಕಾನೂನು ಪದವಿ ಪಡೆದರು. ಡೆಟ್ರಾಯಿಟ್‌ನಲ್ಲಿ ನ್ಯಾಯಾಧೀಶರಾಗಿ, 1930ರಿಂದ ಆ ನಗರದ ಮೇಯರ್ ಆಗಿ, ಮುಂದೆ ಫಿಲಿಪ್ಪೀನ್ಸ್‌ನ ಗವರ್ನರ್ ಜನರಲ್ ಆಗಿ ಸೇವೆ ಸಲ್ಲಿಸಿದರು.

1937ರ ಜನವರಿ 1ರಂದು ಅವರು ಮಿಷಿಗನ್‌ನ ಗವರ್ನರ್ ಆದಾಗ, ಫ್ಲಿಂಟ್ ನಗರದ ಜನರಲ್ ಮೋಟಾರ್ಸ್ ಕಾರ್ಖಾನೆಗಳಲ್ಲಿ ಕಾರ್ಮಿಕರು ಎರಡು ದಿನಗಳಿಂದ ಯಂತ್ರಗಳ ಬಳಿಯೇ ಕುಳಿತು ಮುಷ್ಕರ ಹೂಡಿದ್ದರು. ಅವರನ್ನು ಹೊರಹಾಕಬೇಕೆಂದು ನ್ಯಾಯಾಲಯದ ಆಜ್ಞೆಯೂ ಆಯಿತು. ಮರ್ಫಿಯವರು ಶಾಂತಿಪಾಲನೆಗೆಂದು ರಾಜ್ಯದ ಸೈನ್ಯವನ್ನು ಕರೆಸಿದರೇ ಹೊರತು ಅದನ್ನು ಕಾರ್ಮಿಕರ ಮೇಲೆ ಪ್ರಯೋಗಿಸಲಿಲ್ಲ. ಉಭಯ ಪಕ್ಷಗಳನ್ನೂ ಕೂರಿಸಿ ಸಂಧಾನ ನಡೆಸಿದರು. 44 ದಿನಗಳ ಬಳಿಕ, ಫೆಬ್ರವರಿ 11ರಂದು, ಒಪ್ಪಂದವಾಗಿ ಕಾರ್ಮಿಕ ಸಂಘಕ್ಕೆ ಮನ್ನಣೆ ದೊರೆಯಿತು. ಆಜ್ಞೆಯನ್ನು ಬಲವಂತದಿಂದ ಜಾರಿಗೊಳಿಸಲಿಲ್ಲವೆಂದು ಹಲವರು ದೂಷಿಸಿದರು. 1938ರ ಚುನಾವಣೆಯಲ್ಲಿ ಅವರು ಸೋತರು.

1940ರಲ್ಲಿ ಅವರು ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು. ಶಾಂತಿಯುತ ಕಾರ್ಮಿಕ ಧರಣಿಗೂ ವಾಕ್ ಸ್ವಾತಂತ್ರ್ಯದ ರಕ್ಷಣೆಯುಂಟೆಂಬ ತೀರ್ಪನ್ನು ಅದೇ ವರ್ಷ ಬರೆದರು. ಅಲಬಾಮದ ಕಬ್ಬಿಣದ ಗಣಿಗಳಲ್ಲಿ, ಸುರಂಗದ ಬಾಯಿಂದ ಕೆಲಸದ ಸ್ಥಳಕ್ಕೆ ಸಾಗುವ ಕಾಲವೂ ದುಡಿಮೆಯ ಕಾಲವೇ ಎಂದು 1944ರಲ್ಲಿ ತೀರ್ಮಾನಿಸಿದವರೂ ಅವರೇ.

ಆದರೆ ನಮ್ಮನ್ನು ಹೆಚ್ಚಾಗಿ ಸೆಳೆಯುವುದು ಅವರ ಒಂದು ತಪ್ಪು ಮತ್ತು ಅದರ ತಿದ್ದುಪಡಿ. ಯೆಹೋವನ ಸಾಕ್ಷಿಗಳೆಂಬ ಪಂಥದ ಮಕ್ಕಳು ತಮ್ಮ ಅಂತಃಸಾಕ್ಷಿಯ ಕಾರಣದಿಂದ ಧ್ವಜವಂದನೆ ಮಾಡದೆ ಶಾಲೆಯಿಂದ ಹೊರದೂಡಲ್ಪಟ್ಟಿದ್ದರು. 1940ರ ಜೂನ್‌ನಲ್ಲಿ ನ್ಯಾಯಾಲಯವು ಶಾಲೆಯ ಪರವಾಗಿ ತೀರ್ಪಿತ್ತಿತು. ಮರ್ಫಿಯವರೂ ಬಹುಮತದೊಡನೆ ನಿಂತರು. ಅನಂತರ ಆ ಪಂಥದವರ ಮೇಲೆ ಹಲವೆಡೆ ಹಲ್ಲೆಗಳಾದವು. ಆ ಪಂಥದವರು ನಮ್ಮ ಧರ್ಮಸಭೆಯನ್ನು ಕಟುವಾಗಿ ನಿಂದಿಸುತ್ತಿದ್ದವರು. ಆದರೂ 1942ರಲ್ಲಿ ಮರ್ಫಿಯವರು ಇನ್ನಿಬ್ಬರು ನ್ಯಾಯಮೂರ್ತಿಗಳೊಡನೆ, ತಮ್ಮ ಹಿಂದಿನ ನಿಲುವು ತಪ್ಪಾಗಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡರು. 1943ರ ಜೂನ್ 14ರಂದು ನ್ಯಾಯಾಲಯವು ತನ್ನ ಹಳೆಯ ತೀರ್ಪನ್ನೇ ರದ್ದುಗೊಳಿಸಿದಾಗ, ಅದನ್ನು ಸಮರ್ಥಿಸಿ ಪ್ರತ್ಯೇಕ ಅಭಿಪ್ರಾಯವನ್ನು ಬರೆದರು. ಮರುವರ್ಷ, ಜಪಾನೀ ಮೂಲದ ಪ್ರಜೆಗಳನ್ನು ಯುದ್ಧದ ನೆಪದಲ್ಲಿ ಮನೆಮಠಗಳಿಂದ ಹೊರಗಟ್ಟಿದ್ದನ್ನು ಬಹುಮತವು ಎತ್ತಿಹಿಡಿದಾಗ, ಅದು ಜನಾಂಗ ದ್ವೇಷವೆಂದು ಭಿನ್ನಮತ ದಾಖಲಿಸಿದರು.

1949ರ ಜುಲೈ 19ರಂದು ಡೆಟ್ರಾಯಿಟ್‌ನಲ್ಲಿ, ತಮ್ಮ 59ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಹುಟ್ಟೂರಿನ ಮಣ್ಣಿನಲ್ಲಿಯೇ ಅವರ ಸಮಾಧಿಯಿದೆ.

ಧಾರ್ಮಿಕ ಸ್ವಾತಂತ್ರ್ಯವು ಮಾನವ ಘನತೆಯಲ್ಲಿಯೇ ಬೇರೂರಿದ ಹಕ್ಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರ ಡಿಸೆಂಬರ್ 7ರಂದು. 1986ರಲ್ಲಿ, ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದುನಿಂತಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳಬೇಕೆಂದು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯ ಆದೇಶಿಸಿದಾಗ, ಅಮೆರಿಕದ ಆ 1943ರ ತೀರ್ಪನ್ನೂ ಪರಿಶೀಲಿಸಿತ್ತು. ಆ ಮಕ್ಕಳೂ ಅದೇ ಪಂಥದವರು.

ಅಲ್ಪಸಂಖ್ಯಾತರಾದ ನಾವು ನಮ್ಮ ಹಕ್ಕುಗಳಿಗಾಗಿ ಧ್ವನಿಯೆತ್ತುವುದು ಸಹಜ. ನಮ್ಮನ್ನು ನಿಂದಿಸುವವರ ಹಕ್ಕಿಗಾಗಿಯೂ ನಿಲ್ಲಬಲ್ಲೆವೇ? ತಪ್ಪಿದ್ದೇವೆಂದು ತಿಳಿದಾಗ ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಬಲ್ಲೆವೇ? ನಮ್ಮ ಧರ್ಮಕೇಂದ್ರವು ಎರಡನೆಯ ಶತಮಾನಕ್ಕೆ ಕಾಲಿಡುವ ಈ ವೇಳೆ, ಈ ಪ್ರಶ್ನೆಗಳನ್ನು ಮೊದಲು ನಮಗೆ ನಾವೇ ಕೇಳಿಕೊಳ್ಳೋಣ.