ವಿವೇಕಾನಂದರು ಹತ್ತಿದ ಹಿಮಾಲಯ

ನಮ್ಮ ಎಂಟನೇ ತರಗತಿಯ ಗೋಡೆಯ ಮೇಲೆ ಸ್ವಾಮಿ ವಿವೇಕಾನಂದರ ಪಟವಿತ್ತು. ತಲೆಗೆ ರುಮಾಲು, ಎದೆಯ ಮೇಲೆ ಕಟ್ಟಿದ ಕೈ, ಎದುರಿನವರನ್ನು ನೆಟ್ಟು ನೋಡುವ ಕಣ್ಣು. ಪ್ರತಿ ಜನವರಿ 12ರಂದು ಅದನ್ನು ಕೆಳಗಿಳಿಸಿ, ಧೂಳು ಒರೆಸಿ, ಮಾಲೆ ಹಾಕುತ್ತಿದ್ದೆವು. ಆಮೇಲೆ ಭಾಷಣ. ಭಾಷಣ ಯಾರೇ ಮಾಡಲಿ, ಗಟ್ಟಿಮುಟ್ಟಾದ ಮೈಯ ಮಾತು ಬಂದೇ ಬರುತ್ತಿತ್ತು. ನಾನು ಹಿಂದಿನ ಸಾಲಿನಲ್ಲಿ ಕೂತು ಕೆಮ್ಮು ಬಾರದಂತೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ನನಗೆ ದಮ್ಮು ಇತ್ತು. ಸುಗ್ಗಿಯಲ್ಲಿ ಜೋಳದ ರಾಶಿ ಮಾಡುವಾಗ ಏಳುವ ಧೂಳಿಗೆ ಎದೆ ಸಿಳ್ಳೆ ಹಾಕುತ್ತಿತ್ತು. ಬಾಗಲಕೋಟೆಯ ಡಾಕ್ಟರು ಕೊಟ್ಟ ಇನ್ಹೇಲರನ್ನು ಕಂಪಾಸ್ ಬಾಕ್ಸಿನೊಳಗೆ ಹಿಡಿಸದ ಕಾರಣ ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಿದ್ದೆ, ಆದರೆ ಯಾರೆದುರೂ ತೆಗೆಯುತ್ತಿರಲಿಲ್ಲ. ಮಾಸ್ತರು ಮೇಗುತಿ ಗುಡ್ಡಕ್ಕೆ ಕರೆದುಕೊಂಡು ಹೋಗಿ ರವಿಕೀರ್ತಿಯ ಶಾಸನ ತೋರಿಸಿದ ದಿನ, ಕಾಲು ನೋವು ಅಂತ ಸುಳ್ಳು ಹೇಳಿ ಕೆಳಗೇ ಕೂತೆ. ಹೇಳಿದ್ದರೆ ಅವರೇ ಕೈಹಿಡಿದು ನಿಧಾನಕ್ಕೆ ಹತ್ತಿಸುತ್ತಿದ್ದರೋ ಏನೋ. ನಾನು ಹೇಳಲಿಲ್ಲ.

ಸುವರ್ಣ ಮಹೋತ್ಸವದ ಸಂಚಿಕೆಗೆ ಮಹಾಪುರುಷರೊಬ್ಬರ ಬಗ್ಗೆ ಬರೆದು ಕೊಡು ಅಂತ ಗುರುಗಳು ಫೋನಿನಲ್ಲಿ ಹೇಳಿದಾಗ ನೆನಪಾದದ್ದು ಆ ಪಟವೇ. ಆದರೆ ನಾನು ಬರೆಯುತ್ತಿರುವುದು ಆ ಪಟದಲ್ಲಿ ಕಾಣದ ವಿವೇಕಾನಂದರ ಬಗ್ಗೆ.

ಅವರು ನನಗೆ ಪರಿಚಯವಾದದ್ದು ಒಂದು ಸೋಲಿನಿಂದ. 2019ರ ಮೇ ತಿಂಗಳಲ್ಲಿ ಆಫೀಸಿನ ಗೆಳೆಯರ ಜೊತೆ ಕೇದಾರನಾಥಕ್ಕೆ ಹೊರಟಿದ್ದೆ. ಗೌರಿಕುಂಡದಿಂದ ಸುಮಾರು 16 ಕಿಲೋಮೀಟರ್ ನಡಿಗೆ, ದೇವಸ್ಥಾನ ಇರುವುದು 3,583 ಮೀಟರ್ ಎತ್ತರದಲ್ಲಿ. ಕೇದಾರದ ರಾವಲರು ನಮ್ಮ ಕರ್ನಾಟಕದ ವೀರಶೈವ ಪರಂಪರೆಯವರು ಎಂಬ ಹೆಮ್ಮೆಯಿಂದ ಊರಿನ ವಿಭೂತಿ ಗಟ್ಟಿಯನ್ನೂ ಕಟ್ಟಿಕೊಂಡಿದ್ದೆ. ಲಿಂಚೋಲಿ ದಾಟುವ ಹೊತ್ತಿಗೆ ತಣ್ಣನೆ ಗಾಳಿ ಎದೆ ಹಿಡಿಯಿತು. ಅಷ್ಟು ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಪಾಲಿನಷ್ಟು. ಶ್ವಾಸನಾಳ ಮೊದಲೇ ಬಿಗಿದವನಿಗೆ ಅದೂ ಒಳಗೆ ಹೋಗುವುದಿಲ್ಲ. ಚಿಕಿತ್ಸಾ ಕೇಂದ್ರದಲ್ಲಿ ಒಂದು ತಾಸು ಆಮ್ಲಜನಕ ಕೊಟ್ಟು, ಕೆಳಗಿಳಿಯಿರಿ ಅಂದರು. ವಿಭೂತಿ ಗಟ್ಟಿಯನ್ನು ಗೆಳೆಯನ ಕೈಗೆ ಕೊಟ್ಟು ಇಳಿದೆ. ನಾಚಿಕೆಯಾಗಿತ್ತು. ಬೆಂಗಳೂರಿಗೆ ಬಂದ ಮೇಲೆ, ಹಿಮಾಲಯಕ್ಕೆ ಹೋದವರ ಕಥೆಗಳನ್ನು ಓದುತ್ತ ಓದುತ್ತ ಕುವೆಂಪು ಅವರು ಬರೆದ ವಿವೇಕಾನಂದರ ಜೀವನಚರಿತ್ರೆಗೆ ಬಂದೆ. ಅಲ್ಲಿಂದ ಬೇರೆ ಬೇರೆ ಪುಸ್ತಕಗಳಿಗೆ ಹೋದೆ.

1890ರಲ್ಲಿ ಅವರಿಗೆ 27 ವರ್ಷ. ಗುರು ರಾಮಕೃಷ್ಣರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಗುರುಬಂಧು ಅಖಂಡಾನಂದರ ಜೊತೆ ನೈನಿತಾಲ್‌ನಿಂದ ಆಲ್ಮೋರಾಕ್ಕೆ ಬರಿಗೈಯಲ್ಲಿ ನಡೆದರು. ಆಲ್ಮೋರಾ ಹತ್ತಿರ ಬಂದಾಗ ಹಸಿವಿನಿಂದ ನೆಲಕ್ಕೆ ಬಿದ್ದರು. ಅಲ್ಲಿನ ಗೋರಿಸ್ಥಾನ ನೋಡಿಕೊಳ್ಳುತ್ತಿದ್ದ ಒಬ್ಬ ಮುಸ್ಲಿಂ ಫಕೀರ ತನ್ನ ಬಳಿಯಿದ್ದ ಒಂದು ಸವತಿಕಾಯಿ ಕೊಟ್ಟು ಅವರನ್ನು ಉಳಿಸಿದ. ಏಳು ವರ್ಷದ ನಂತರ, ಅದೇ ಆಲ್ಮೋರಾದ ಜನ ಅವರನ್ನು ಮೆರವಣಿಗೆಯಲ್ಲಿ ಬರಮಾಡಿಕೊಂಡಾಗ, ಗುಂಪಿನಲ್ಲಿದ್ದ ಆ ಫಕೀರನನ್ನು ಅವರೇ ಗುರುತು ಹಿಡಿದರಂತೆ.

ಆಲ್ಮೋರಾದಿಂದ ಅವರ ಕಣ್ಣು ಇದ್ದದ್ದು ಕೇದಾರ ಬದರಿಯ ಮೇಲೆ. ಕರ್ಣಪ್ರಯಾಗದ ತನಕ ನಡೆದರು. ಬರಗಾಲದಿಂದಾಗಿ ಸರಕಾರ ಮುಂದಿನ ದಾರಿ ಮುಚ್ಚಿತ್ತು. ಅಖಂಡಾನಂದರು ಕಾಯಿಲೆ ಬಿದ್ದರು, ಇವರಿಗೂ ಜ್ವರ ಹತ್ತಿತು. ಇನ್ನು ಮೇಲೆ ಹತ್ತಬಾರದು ಅಂತ ವೈದ್ಯರು ಅಖಂಡಾನಂದರಿಗೆ ಹೇಳಿದ ಮೇಲೆ ಎಲ್ಲರೂ ಕೆಳಗಿಳಿದರು. ಹೃಷಿಕೇಶದಲ್ಲಿ ವಿವೇಕಾನಂದರ ಜ್ವರ ಎಷ್ಟು ಏರಿತೆಂದರೆ, ಜೊತೆಗಿದ್ದವರು ಆಸೆ ಬಿಟ್ಟು ಅಳತೊಡಗಿದರು. ಆಗ ಎಲ್ಲಿಂದಲೋ ಬಂದ ಸಾಧುವೊಬ್ಬ ಜೇನುತುಪ್ಪದಲ್ಲಿ ಹಿಪ್ಪಲಿ ಪುಡಿ ಕಲಸಿ ನೆಕ್ಕಿಸಿದ. ಕಣ್ಣು ಬಿಟ್ಟರು. ಹಿಪ್ಪಲಿ, ಜೇನುತುಪ್ಪ! ನಮ್ಮ ಆಯಿ ನನಗೆ ಚಳಿಗಾಲದುದ್ದಕ್ಕೂ ನೆಕ್ಕಿಸುತ್ತಿದ್ದದ್ದೂ ಅದನ್ನೇ. ಆ ಪುಟದಲ್ಲಿ ನಾನು ಸ್ವಲ್ಪ ಹೊತ್ತು ನಿಂತೆ. ಅವರೂ ಕೇದಾರ ಮುಟ್ಟದೆ ಇಳಿದವರು.

ಎರಡು ವರ್ಷದ ಮೇಲೆ, 1892ರ ಅಕ್ಟೋಬರಿನಲ್ಲಿ, ಕೊಲ್ಹಾಪುರದಿಂದ ನಮ್ಮ ಬೆಳಗಾವಿಗೆ ಬಂದರು. ಮೊದಲು ವಕೀಲರಾದ ಭಾಟೆಯವರ ಮನೆಯಲ್ಲಿ, ನಂತರ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಇದ್ದರು. ಈ ಮಿತ್ರರು ಸಣ್ಣಪುಟ್ಟದ್ದಕ್ಕೆಲ್ಲ ಔಷಧಿ ನುಂಗುವವರು. ಮೇಲೇಳಲಾರದ ಸ್ಥಿತಿ ಬಂದರೆ ಮಾತ್ರ ಔಷಧಿ ಸಾಕು, ಉಳಿದದ್ದೆಲ್ಲ ಮನಸ್ಸಿನ ಕಲ್ಪನೆ ಅಂತ ಸ್ವಾಮೀಜಿ ಅವರಿಗೆ ಬುದ್ಧಿ ಹೇಳಿದರಂತೆ. ಈ ಒಂದು ಮಾತಿಗೆ ನನ್ನ ಒಪ್ಪಿಗೆಯಿಲ್ಲ. ದಮ್ಮು ಕಲ್ಪನೆಯಲ್ಲ ಅಂತ ಅವರಿಗೇ ಮುಂದೆ ಗೊತ್ತಾಯಿತು.

ಷಿಕಾಗೋ ನಮಗೆಲ್ಲ ಗೊತ್ತಿದೆ, ಅದನ್ನು ಬಿಡುತ್ತೇನೆ. 1897ರಲ್ಲಿ ವಿದೇಶದಿಂದ ಮರಳಿದಾಗ ಅವರ ಮೈ ಸೋತಿತ್ತು. ಮಧುಮೇಹ ಕಾಣಿಸಿಕೊಂಡಿತ್ತು. ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ. ಆಗ ವೈದ್ಯರ ಕೈಯಲ್ಲಿದ್ದದ್ದು ಪಥ್ಯ ಮತ್ತು ವಿಶ್ರಾಂತಿ ಮಾತ್ರ. ಡಾರ್ಜಿಲಿಂಗಿಗೆ ಕಳಿಸಿದರು. ಹೋದರು, ಆದರೆ ಸುಮ್ಮನೆ ಕೂರುವ ಆಳಲ್ಲ.

1898ರ ಬೇಸಿಗೆಯಲ್ಲಿ ಶಿಷ್ಯೆಯರ ಜೊತೆ ಕಾಶ್ಮೀರಕ್ಕೆ ಹೋದರು. ಜುಲೈನಲ್ಲಿ ಒಬ್ಬರೇ ಸೋನಾಮಾರ್ಗದ ದಾರಿಯಿಂದ ಅಮರನಾಥಕ್ಕೆ ಹೊರಟರು. ಹಿಮ ಕರಗಿ ದಾರಿ ಕೆಟ್ಟಿದ್ದರಿಂದ ತಿರುಗಿ ಬಂದರು. ತಿಂಗಳ ಕೊನೆಗೆ ಯಾತ್ರಿಕರ ಜೊತೆ ಪಹಲ್ಗಾಮ್ ದಾರಿಯಿಂದ ಮತ್ತೆ ಹೊರಟರು. ಜೊತೆಗೆ ಸೋದರಿ ನಿವೇದಿತಾ ಒಬ್ಬರೇ. ದಾರಿಯುದ್ದಕ್ಕೂ ಅವರು ಸಾಮಾನ್ಯ ಯಾತ್ರಿಕನ ನೇಮವನ್ನೇ ಹಿಡಿದರು: ಜಪಮಾಲೆ, ಒಂದೇ ಹೊತ್ತು ಊಟ, ಸಿಕ್ಕ ತೊರೆಯಲ್ಲೆಲ್ಲ ತಣ್ಣೀರ ಸ್ನಾನ. ಚಂದನವಾಡಿ ದಾಟಿದರು, ಹಿಮದ ಕಣಿವೆ ದಾಟಿದರು. ಪಂಚತರಣಿಯಲ್ಲಿ ಐದು ತೊರೆಗಳಲ್ಲೂ, ಒದ್ದೆ ಬಟ್ಟೆಯಲ್ಲೇ ಒಂದರಿಂದ ಇನ್ನೊಂದಕ್ಕೆ ನಡೆದು ಮುಳುಗಬೇಕೆಂಬ ನೇಮ. ಮಧುಮೇಹದ ರೋಗಿ ಅದನ್ನೂ ಬಿಡಲಿಲ್ಲ.

ಆಗಸ್ಟ್ 2, ನೂಲ ಹುಣ್ಣಿಮೆ. ಬೆಳದಿಂಗಳಿರುವಾಗಲೇ ಹೊರಟರು. ಗುಹೆ ಇರುವುದು ಸುಮಾರು 3,888 ಮೀಟರ್ ಎತ್ತರದಲ್ಲಿ. ಕೊನೆಯ ಏರಿಗೆ ಅವರು ದಣಿದು ಹಿಂದೆ ಬಿದ್ದರು. ನಿವೇದಿತಾ ಮುಂದೆ ಹೋಗಿ ಕಾದರು. ಕೊನೆಗೆ ಬಂದು ಸೇರಿದರು, ಆಕೆಯನ್ನು ಮುಂದೆ ಕಳಿಸಿ ತಾವು ತೊರೆಗೆ ಇಳಿದು ಮತ್ತೆ ಮಿಂದರು. ಅರ್ಧ ಗಂಟೆಯ ಮೇಲೆ ಕೌಪೀನ ಮಾತ್ರ ಉಟ್ಟು, ಮೈಗೆಲ್ಲ ಭಸ್ಮ ಬಳಿದುಕೊಂಡು ಗುಹೆಯೊಳಗೆ ಹೋದರು.

ನಮ್ಮ ರಾವಣಫಡಿಯಲ್ಲಿ ಆಡಿ ಬೆಳೆದವರಿಗೆ ಗುಹೆಯೊಳಗಿನ ಲಿಂಗ ಹೊಸದಲ್ಲ. ಹೊರಗೆ ಬಿಸಿಲು ಉರಿಯುವಾಗ ಒಳಗಿನ ಕತ್ತಲೆಗೆ ಕಣ್ಣು ಹೊಂದುವ ತನಕ ಏನೂ ಕಾಣದು, ಆಮೇಲೆ ಮೆಲ್ಲಗೆ ಲಿಂಗ ಮೂಡುತ್ತದೆ. ಅಲ್ಲಿ ಮೂಡುವುದು ಹಿಮದ ಲಿಂಗ. ಅದರ ಮುಂದೆ ಮಂಡಿಯೂರಿದಾಗ ಸಾಕ್ಷಾತ್ ಶಿವನನ್ನು ಕಂಡಂತಾಗಿ, ಮೂರ್ಛೆ ಬೀಳುವೆನೆಂಬ ಭಯದಿಂದ ಬೇಗ ಹೊರಬಂದರು. ಇಚ್ಛಾಮರಣದ ವರ ಸಿಕ್ಕಿತೆಂದು ನಂತರ ಹೇಳಿಕೊಂಡರು. ಭಕ್ತರು ಇಲ್ಲಿಗೆ ಕಥೆ ನಿಲ್ಲಿಸುತ್ತಾರೆ. ಆದರೆ ಜೀವನಚರಿತ್ರೆ ಇನ್ನೊಂದು ಸಂಗತಿಯನ್ನೂ ದಾಖಲಿಸಿದೆ. ಆ ಗಳಿಗೆಯಲ್ಲಿ ಅವರ ಹೃದಯ ನಿಂತೇ ಹೋಗಬೇಕಿತ್ತು, ನಿಲ್ಲುವ ಬದಲು ಶಾಶ್ವತವಾಗಿ ಹಿಗ್ಗಿತು ಅಂತ ವೈದ್ಯರೊಬ್ಬರು ಹೇಳಿದರು. ಎಡಗಣ್ಣಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಅಕ್ಟೋಬರಿನಲ್ಲಿ ಬೇಲೂರು ಮಠಕ್ಕೆ ಮರಳಿದವರನ್ನು ಕಂಡು ಗುರುಬಂಧುಗಳು ಗಾಬರಿಯಾದರು. ಡಿಸೆಂಬರಿನಲ್ಲಿ ಗಾಳಿ ಬದಲಾಗಲೆಂದು ದೇವಘರಕ್ಕೆ ಹೋದರೆ ಅಲ್ಲಿ ದಮ್ಮು ಹಿಡಿಯಿತು. ಮಲಗಲಾರದೆ, ದಿಂಬಿಗೆ ಒರಗಿ ಕೂತು ಉಸಿರಿಗಾಗಿ ಒದ್ದಾಡಿದರು. ದಮ್ಮು ಇದ್ದವರಿಗೆ ಈ ಭಂಗಿ ಗೊತ್ತು. ನಮ್ಮ ಪಡಸಾಲೆಯಲ್ಲಿ ಎರಡು ಜೋಳದ ಚೀಲದ ನಡುವೆ ನಾನು ಎಷ್ಟೋ ರಾತ್ರಿ ಹಾಗೆ ಕೂತಿದ್ದೇನೆ. ಅವ್ವ ಬೆನ್ನು ತಿಕ್ಕುತ್ತಿದ್ದಳು.

ಇಷ್ಟಾದ ಮೇಲೂ ಹಿಮಾಲಯಕ್ಕೆ ಇನ್ನೊಮ್ಮೆ ಹೋದರು, ಈ ಸಲ ದೇವರ ದರ್ಶನಕ್ಕಲ್ಲ. ಮಾಯಾವತಿ ಆಶ್ರಮ ಕಟ್ಟಿದ ಇಂಗ್ಲೆಂಡಿನ ಸೇವಿಯರ್ ದಂಪತಿಗಳಲ್ಲಿ ಗಂಡ 1900ರ ಅಕ್ಟೋಬರಿನಲ್ಲಿ ತೀರಿಕೊಂಡರು. ಹೆಂಡತಿಗೆ ಸಮಾಧಾನ ಹೇಳಲು, ಡಿಸೆಂಬರಿನ ಚಳಿಯಲ್ಲಿ, ಕಾಠಗೋದಾಮಿನಿಂದ ಡೋಲಿಯಲ್ಲಿ ಹೊರಟರು. ದಾರಿಯಲ್ಲಿ ಹಿಮ ಸುರಿಯಿತು, ಒಂದು ಬಡ ಅಂಗಡಿಯಲ್ಲಿ ರಾತ್ರಿ ಕಳೆದರು. 1901ರ ಜನವರಿ 3ರಂದು ಮುಟ್ಟಿದರು. ದಮ್ಮು ಮತ್ತು ಹಿಮ ಎರಡೂ ಸೇರಿ ಅವರನ್ನು ಬಹಳಷ್ಟು ದಿನ ಮನೆಯೊಳಗೇ ಕೂಡಿಸಿದವು. ಹದಿನೈದು ದಿನ ಇದ್ದು ಇಳಿದರು. ಅಮರನಾಥಕ್ಕಿಂತ ನನಗೆ ಈ ಪ್ರಯಾಣವೇ ದೊಡ್ಡದು. ಅಮರನಾಥದಲ್ಲಿ ಮೈಯನ್ನು ಪಣಕ್ಕಿಟ್ಟದ್ದು ತಮಗಾಗಿ, ಇಲ್ಲಿ ದುಃಖದಲ್ಲಿದ್ದ ಒಬ್ಬ ವಿಧವೆಗಾಗಿ. ಇಲ್ಲಿ ಬೇರೆಯವರು ಹೊತ್ತುಕೊಂಡು ಹೋಗುವುದಕ್ಕೂ ಅವರು ನಾಚಲಿಲ್ಲ.

1902ರ ಜುಲೈ 4ರ ಸಂಜೆ ಬೇಲೂರಿನಲ್ಲಿ ಎರಡು ಮೈಲಿಯಷ್ಟು ತಿರುಗಾಡಿ ಬಂದು, ರಾತ್ರಿ ಪ್ರಾಣ ಬಿಟ್ಟರು. 39 ವರ್ಷ. ನನಗೀಗ ಅದರ ಹತ್ತಿರದ ವಯಸ್ಸು.

ಕಳೆದ ದೀಪಾವಳಿಗೆ ಊರಿಗೆ ಬಂದಾಗ ಅಣ್ಣನ ಮಗಳನ್ನು ಮೇಗುತಿಗೆ ಕರೆದುಕೊಂಡು ಹೋಗಿದ್ದೆ. ಇದೇ ಶಾಲೆಯಲ್ಲಿ ಓದುತ್ತಾಳೆ, ಅವಳಿಗೂ ನನ್ನದೇ ದಮ್ಮು. ಅರ್ಧ ಮೆಟ್ಟಿಲಿಗೆ ನಿಂತಳು. ಕೆಳಗೆ ಅವಳ ತರಗತಿಯ ಹುಡುಗರು ನಿಂತು ನೋಡುತ್ತಿದ್ದರು. ಚೀಲದಿಂದ ಇನ್ಹೇಲರ್ ತೆಗೆದು ಅವರೆದುರೇ ಎರಡು ಸಲ ಎಳೆದುಕೊಂಡು, ಕಾಕಾ ನಿಮ್ಮದೆಲ್ಲಿ ಅಂತ ಕೇಳಿದಳು. ನನ್ನದು ಇನ್ನೂ ಸೊಂಟದಲ್ಲೇ ಇತ್ತು. ತೆಗೆದೆ. ಅಲ್ಲೇ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತು, ದುರ್ಗಾ ಗುಡಿಯನ್ನೂ ಮಲಪ್ರಭೆಯನ್ನೂ ನೋಡಿ, ಆಮೇಲೆ ಇಬ್ಬರೂ ಹತ್ತಿದೆವು.