ದೇವರಾಜ ಅರಸು: ಠರಾವಿನಿಂದ ಪಹಣಿಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೆಂಗಿನ ಸಸಿ ನೆಡುವವನು ಈ ಹೊತ್ತಿನ ಊಟಕ್ಕಾಗಿ ನೆಡುವುದಿಲ್ಲ. ಗಿಡ ಫಲಕ್ಕೆ ಬರಲು ಆರೇಳು ವರ್ಷ ಬೇಕು. ಬಂದ ಮೇಲೆ ಎರಡು ತಲೆಮಾರು ಕಾಯಿ ಬಿಡುತ್ತದೆ. ಕಿತ್ತ ಕಾಯಿಯನ್ನು ಅಟ್ಟಕ್ಕೇರಿಸಿ ವರ್ಷದ ಬಹುಭಾಗ ಕಾದರೆ ಉಂಡೆ ಕೊಬ್ಬರಿ ಕೈಗೆ ಸಿಕ್ಕುತ್ತದೆ. ಇಷ್ಟು ಕಾಯಿಸುವ ಬೆಳೆಯನ್ನು ಮತ್ತೊಬ್ಬರ ನೆಲದಲ್ಲಿ, ವಾರಕ್ಕೋ ಗುತ್ತಿಗೆಗೋ ಮಾಡುವವನ ಪಾಡೇನು? ಸಸಿಗೆ ನೀರು ಹೊತ್ತವನನ್ನು ಫಸಲಿನ ವರ್ಷ ಒಡೆಯ ಬಿಡಿಸಿದರೆ ಅವನಿಗೆ ಉಳಿಯುವುದೇನು? ಈ ಪ್ರಶ್ನೆಗೆ ಶಾಸನದ ಉತ್ತರವನ್ನು ಕೊಡಿಸಿದವರು ತೆಂಗಿನ ಸೀಮೆಯವರಲ್ಲ, ಹುಣಸೂರಿನ ಹೊಗೆಸೊಪ್ಪಿನ ನಾಡಿನವರು.

ದೇವರಾಜ ಅರಸು ಅವರು ಜನಿಸಿದುದು ೧೯೧೫ರ ಆಗಸ್ಟ್ ೨೦ರಂದು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಅವರ ಊರು. ಮೈಸೂರಿನ ರಾಜಮನೆತನದೊಡನೆ ನಂಟುಳ್ಳ ಅರಸು ಸಮುದಾಯಕ್ಕೆ ಮರ್ಯಾದೆಯಿತ್ತು, ಸಂಖ್ಯಾಬಲವಿರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದವರು ನೌಕರಿಗೆ ಕೈಚಾಚದೆ ಊರಿಗೆ ಮರಳಿ ಬೇಸಾಯಕ್ಕಿಳಿದರು. ಕುಸ್ತಿಯ ಅಭ್ಯಾಸದಿಂದ ಮೈಕಟ್ಟು ಗಟ್ಟಿಯಾಗಿತ್ತು. ೧೯೪೧ರಲ್ಲಿ ಪ್ರಜಾಪ್ರತಿನಿಧಿ ಸಭೆಗೂ, ೧೯೫೨ರಲ್ಲಿ ಹುಣಸೂರಿನಿಂದ ವಿಧಾನಸಭೆಗೂ ಆಯ್ಕೆಯಾದರು. ಮುಂದೆ ಮಂತ್ರಿಗಳೂ ಆದರು. ಆದರೂ ಎರಡು ದೊಡ್ಡ ಸಮುದಾಯಗಳ ತೂಕದ ಮೇಲೆ ನಿಂತಿದ್ದ ಅಂದಿನ ರಾಜಕಾರಣದಲ್ಲಿ ಅವರು ಬಹುಕಾಲ ಬದಿಯಲ್ಲಿಯೇ ಉಳಿದರು. ಸಂಖ್ಯೆಯಿಲ್ಲದವನ ಸ್ಥಿತಿ ಏನೆಂಬುದನ್ನು ಅವರು ಅಲ್ಲಿ ಕಲಿತರೆಂದು ನಾನು ತಿಳಿಯುತ್ತೇನೆ.

ಅವರ ಪಕ್ಷವಾದ ಕಾಂಗ್ರೆಸ್ಸಿಗೆ ಸಮಾನತೆಯ ಮಾತು ಹೊಸದಲ್ಲ. ಕೆಳಜಾತಿಗಳ ಮೇಲೆ ಹೇರಿದ ನಿರ್ಬಂಧಗಳು ತೊಲಗಬೇಕೆಂದು ೧೯೧೭ರ ಕಲ್ಕತ್ತೆಯ ಅಧಿವೇಶನವೇ ಠರಾವು ಮಾಡಿತ್ತು. ಬಾವಿ, ರಸ್ತೆ, ಶಾಲೆಗಳು ಎಲ್ಲ ಪ್ರಜೆಗಳಿಗೂ ಸಮವೆಂದೂ, ಜಾತಿಯ ಕಾರಣದಿಂದ ಯಾರಿಗೂ ಉದ್ಯೋಗ ತಪ್ಪಬಾರದೆಂದೂ ೧೯೩೧ರ ಕರಾಚಿಯ ಅಧಿವೇಶನ ಸಾರಿತು. ಠರಾವಿಗೆ ಕೈಯೆತ್ತಿದವರಲ್ಲಿ ಎಷ್ಟು ಮಂದಿ ತಮ್ಮ ಊರಿನ ಬಾವಿಯನ್ನು ತೆರೆದರು ಎಂಬುದು ಬೇರೆ ಮಾತು. ೧೯೬೯ರಲ್ಲಿ ಪಕ್ಷ ಒಡೆದಾಗ ಮೈಸೂರಿನ ಹಿರಿಯ ನಾಯಕರೆಲ್ಲ ಹೆಚ್ಚಾಗಿ ನಿಜಲಿಂಗಪ್ಪನವರ ಕಡೆ ನಿಂತರು. ಅರಸು ಇಂದಿರಾ ಗಾಂಧಿಯವರ ಕಡೆ ನಿಂತರು. ಹಿರಿಯರು ತೆರವು ಮಾಡಿದ ಜಾಗಕ್ಕೆ ೧೯೭೨ರ ಚುನಾವಣೆಯಲ್ಲಿ ಅವರು ಸಣ್ಣ ಜಾತಿಗಳ, ಹಿಂದೆಂದೂ ಟಿಕೆಟ್ಟಿನ ಮುಖ ಕಾಣದ ಜನರನ್ನು ತಂದರು. ೨೧೬ ಸ್ಥಾನಗಳಲ್ಲಿ ೧೬೫ ಕೈಗೆ ಬಂದವು. ಮಾರ್ಚ್ ೨೦ರಂದು ಅರಸು ಮುಖ್ಯಮಂತ್ರಿಯಾದರು.

ಭೂಸುಧಾರಣೆಯ ಶಾಸನ ೧೯೬೧ರದೇ. ಆದರೆ ಸ್ವಂತ ಸಾಗುವಳಿಗೆಂದು ಹೇಳಿ ಒಡೆಯನು ನೆಲವನ್ನು ಹಿಂದಕ್ಕೆ ಪಡೆಯಲು ಅದರಲ್ಲಿ ದಾರಿಯಿತ್ತು. ೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂದ ತಿದ್ದುಪಡಿ ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚಿ, ಗೇಣಿದಾರನ ನೆಲವನ್ನು ಸರ್ಕಾರಕ್ಕೆ ವಹಿಸಿ, ಅವನಿಗೇ ಅಧಿಭೋಗದ ಹಕ್ಕನ್ನು ಕೊಟ್ಟಿತು. ಇದರ ಜೀವಾಳವಿದ್ದುದು ತಾಲ್ಲೂಕಿನ ಭೂನ್ಯಾಯಮಂಡಳಿಯಲ್ಲಿ. ಉಪವಿಭಾಗಾಧಿಕಾರಿ ಅಧ್ಯಕ್ಷ, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿ ಚೀಟಿಯನ್ನು ಯಾರು ಬರೆದುಕೊಡುತ್ತಿದ್ದರು? ಬಾಯಿಮಾತಿನ ಒಪ್ಪಂದವೇ ಹೆಚ್ಚು. ಏಳನೆಯ ನಮೂನೆಯ ಅರ್ಜಿಯನ್ನು ಹಿಡಿದು ಬಂದ ರೈತ, ತನ್ನ ಒಡೆಯನೆದುರಿಗೆ ನಿಂತು ತಾನೇ ಮಾತನಾಡಬೇಕಾಗಿತ್ತು. ನನ್ನ ಎಣಿಕೆಯಲ್ಲಿ ನೆಲಕ್ಕಿಂತ ದೊಡ್ಡ ಲಾಭ ಇದು. ರಾಜ್ಯದಲ್ಲಿ ಸುಮಾರು ೮ ಲಕ್ಷ ಅರ್ಜಿಗಳು ಬಂದವು.

ಇವುಗಳಲ್ಲಿ ಕರಾವಳಿ, ಮಲೆನಾಡುಗಳ ಪಾಲೇ ಹಿರಿದು. ಗೇಣಿ ವಿರಳವಾಗಿದ್ದ ತುಮಕೂರಿನಂಥ ಬಯಲುಸೀಮೆಗೆ ದಕ್ಕಿದ್ದು ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಗೇಣಿದಾರನೂ ಅಲ್ಲದ ಕೂಲಿಕಾರನಿಗೆ, ಮರ ಹತ್ತಿ ಕಾಯಿ ಕೆಡವುವವನಿಗೆ, ದಿನವಿಡೀ ಕಾಯಿ ಸುಲಿಯುವವನಿಗೆ, ಈ ಶಾಸನ ಪಹಣಿಯಲ್ಲಿ ಒಂದು ಸಾಲನ್ನೂ ಕೊಡಲಿಲ್ಲ. ಅವರಲ್ಲಿ ಬಹುಮಂದಿ ದಲಿತರು. ಅವರಿಗೆ ಸರ್ಕಾರ ಮಂಜೂರು ಮಾಡಿದ ನೆಲ ಪರರ ಪಾಲಾಗುವುದನ್ನು ತಡೆಯುವ ಕಾನೂನು ೧೯೭೯ರ ಜನವರಿ ೧ರಿಂದ ನಡೆಗೆ ಬಂದಿತು.

ಇನ್ನೊಂದು ಕೆಲಸ ಹಿಂದುಳಿದವರ ಗಣನೆ. ೧೯೭೨ರಲ್ಲಿ ನೇಮಕವಾದ ಎಲ್. ಜಿ. ಹಾವನೂರರ ಆಯೋಗ ೧೯೭೫ರ ನವೆಂಬರಿನಲ್ಲಿ ವರದಿಯನ್ನೊಪ್ಪಿಸಿತು. ೧೯೧೮ರ ಮಿಲ್ಲರ್ ಸಮಿತಿ ಬ್ರಾಹ್ಮಣರಲ್ಲದವರನ್ನೆಲ್ಲ ಒಟ್ಟಾಗಿ ಕಂಡಿದ್ದರೆ, ಹಾವನೂರರು ಆ ಒಟ್ಟಿನೊಳಗೂ ಮೇಲುಕೀಳುಗಳುಂಟೆಂದು ತೋರಿಸಿದರು. ಚಿಕ್ಕನಾಯಕನಹಳ್ಳಿಯ ಕಡೆಯ ಕಂಬಳಿ ನೇಯುವ ಕುರುಬರು, ಊರಾಚೆಯ ಹಟ್ಟಿಗಳ ಗೊಲ್ಲರು, ಮಡಿವಾಳರು, ಸವಿತಾ ಸಮಾಜದವರು ಸರ್ಕಾರದ ಲೆಕ್ಕದಲ್ಲಿ ಬೇರೆಯಾಗಿ ಕಾಣಿಸಿಕೊಂಡರು. ಪಟ್ಟಿಯಿಂದ ಹೊರಗುಳಿದ ಲಿಂಗಾಯತರಲ್ಲಿ ತಿಪಟೂರಿನ ಸೀಮೆಯ ಬಡ ಬೇಸಾಯಗಾರರೂ ಇದ್ದರು. ಅವರ ಅಸಮಾಧಾನವನ್ನು ಬರಿಯ ದರ್ಪವೆಂದು ತಳ್ಳಿಹಾಕಲಾಗದು.

ಅರಸು ಅವರ ಆಳ್ವಿಕೆಯ ಕರಿಯ ಮಗ್ಗುಲನ್ನೂ ಕಾಣಬೇಕು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಹೊರಟ ಮಂತ್ರಿ ಬಿ. ಬಸವಲಿಂಗಪ್ಪನವರು ೧೯೭೩ರಲ್ಲಿ ಕನ್ನಡ ಸಾಹಿತ್ಯದ ಬಗೆಗೆ ಆಡಿದ ಒಂದು ಮಾತಿಗಾಗಿ ಪದವಿ ಬಿಡಬೇಕಾಯಿತು. ಸಾಹಿತ್ಯದವರಾದ ನಮಗೂ ಅದು ಹೆಮ್ಮೆಯ ಅಧ್ಯಾಯವಲ್ಲ. ಆ ಬಳಿಕ ತುರ್ತುಪರಿಸ್ಥಿತಿ. ಜೀತ ರದ್ದಾದುದೂ, ಅಸ್ಪೃಶ್ಯತೆಯ ಅಪರಾಧಗಳ ಶಾಸನಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣೆಯೆಂಬ ಹೆಸರು ಬಂದುದೂ ಆ ಕಾಲದಲ್ಲಿಯೇ. ನಾಗರಿಕನ ಹಕ್ಕುಗಳೇ ಅಮಾನತಿನಲ್ಲಿದ್ದುದೂ ಆಗಲೇ. ಬೆಂಗಳೂರಿನ ಸೆರೆಯಲ್ಲಿ ಆಸ್ತಮಾದಿಂದ ಬಳಲಿದ ನಟಿ ಸ್ನೇಹಲತಾ ರೆಡ್ಡಿಯವರು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ೧೯೭೭ರ ಜನವರಿ ೨೦ರಂದು ತೀರಿಕೊಂಡರು. ಆಗ ಮುಖ್ಯಮಂತ್ರಿ ಅರಸು ಅವರೇ.

೧೯೭೭ರ ಕಡೆಯ ದಿನ ಕೇಂದ್ರ ಅವರ ಸರ್ಕಾರವನ್ನು ವಜಾ ಮಾಡಿತು. ೧೯೭೮ರ ಫೆಬ್ರವರಿಯಲ್ಲಿ ಜನ ಮತ್ತೆ ಆರಿಸಿದರು. ೧೯೭೯ರ ಜೂನಿನಲ್ಲಿ ಇಂದಿರಾ ಗಾಂಧಿಯವರ ಪಕ್ಷ ಅವರನ್ನು ಹೊರಹಾಕಿತು. ಗೇಣಿದಾರರು ಅರ್ಜಿ ಹಾಕಲು ಕೊಟ್ಟಿದ್ದ ಕೊನೆಯ ಗಡುವು ಮುಗಿದುದೂ ಅದೇ ತಿಂಗಳ ೩೦ರಂದು. ೧೯೮೦ರ ಜನವರಿಯಲ್ಲಿ ಲೋಕಸಭೆಯ ಚುನಾವಣೆಯಲ್ಲಿ ಅವರ ಬಣ ಸೋತಿತು, ಅವರು ಅಧಿಕಾರವನ್ನು ಬಿಟ್ಟರು. ೧೯೮೨ರ ಜೂನ್ ೬ರಂದು ತೀರಿಕೊಂಡಾಗ ಭೂನ್ಯಾಯಮಂಡಳಿಗಳಲ್ಲಿ ಅರ್ಜಿಗಳ ವಿಚಾರಣೆ ಇನ್ನೂ ನಡೆಯುತ್ತಲೇ ಇತ್ತು.